ಅಕ್ರಾದ ಬಸ್ಸಿನ ಪಾಠ, ಲ್ಯಾನ್‌ಹ್ಯಾಮ್‌ನ ವ್ಯಾನಿನಲ್ಲಿ

ಬೆಳಗಿನ ಐದಕ್ಕೆ ಇನ್ನೂ ಹತ್ತು ನಿಮಿಷವಿದೆ. ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ಲ್ಯಾನ್‌ಹ್ಯಾಮ್‌ನಲ್ಲಿ ಹಳೆಯದೊಂದು ಅಪಾರ್ಟ್‌ಮೆಂಟಿನ ಮುಂದೆ ಬಿಳಿ ವ್ಯಾನ್ ಬಂದು ನಿಲ್ಲುತ್ತದೆ. ಚಾಲಕಿ ಹಾರ್ನ್ ಹೊಡೆಯುವುದಿಲ್ಲ. ಹೆಡ್‌ಲೈಟಿನ ಬೆಳಕು ಮೆಟ್ಟಿಲ ಮೇಲೆ ಬೀಳುವಂತೆ ಗಾಡಿ ತಿರುಗಿಸಿ ಕಾಯುತ್ತಾರೆ. ನೀಲಿ ಸಮವಸ್ತ್ರದ ಮೇಲೆ ದಪ್ಪ ಕೋಟು ಹಾಕಿಕೊಂಡ ಹೆಂಗಸೊಬ್ಬರು ಇಳಿದು ಬಂದು, ಹತ್ತಿ ಕೂತು, ತಾವು ಇಳಿಯುವ ಜಾಗವನ್ನು ಎಲ್ಲರಿಗೂ ಕೇಳುವಂತೆ ಹೇಳುತ್ತಾರೆ. ದಿನವೂ ಅದೇ ಮುಖ, ಅದೇ ಜಾಗ. ಆದರೂ ಹೇಳಲೇಬೇಕು, ಈ ವ್ಯಾನಿನ ನಿಯಮ ಅದು.

ಸ್ಟೀರಿಂಗ್ ಹಿಡಿದವರು ತಾಹಿರಾ. ಮೈಸೂರಿನ ಮಂಡಿ ಮೊಹಲ್ಲಾದವರು, ವಯಸ್ಸು ಐವತ್ತನಾಲ್ಕು. ವಾರಕ್ಕೆ ಆರು ದಿನ, ಬೆಳಗಿನ ಎರಡು ಸುತ್ತಿನಲ್ಲಿ ಹದಿನಾಲ್ಕು ಹೆಂಗಸರನ್ನು ಅವರವರ ಕೆಲಸದ ಬಾಗಿಲಿಗೆ ಮುಟ್ಟಿಸುತ್ತಾರೆ. ಹೆಚ್ಚಿನವರು ವೃದ್ಧಾಶ್ರಮಗಳಲ್ಲಿ, ಆಸ್ಪತ್ರೆಗಳಲ್ಲಿ ರೋಗಿಗಳ ಆರೈಕೆ ಮಾಡುವವರು. ಘಾನಾ, ನೈಜೀರಿಯಾ, ಸಿಯೆರಾ ಲಿಯೋನ್‌ನಿಂದ ಬಂದವರು. ದೇವಸ್ಥಾನಕ್ಕೆಂದು ಶನಿವಾರ, ಭಾನುವಾರ ಇದೇ ಊರಿಗೆ ಕಾರಿನಲ್ಲಿ ಬಂದು ಹೋಗುವ ನಮ್ಮ ಕನ್ನಡದ ಮಂದಿ ಈ ವ್ಯಾನನ್ನು ನೂರು ಸಲ ದಾಟಿರಬಹುದು. ಒಳಗೆ ಕನ್ನಡ ಬಲ್ಲವರೊಬ್ಬರಿದ್ದಾರೆಂದು ತಿಳಿದವರು ಕಡಿಮೆ.

ಆಫ್ರಿಕಾದ ಹೆಂಗಸರಿಗೂ ಮೈಸೂರಿನ ತಾಹಿರಾಗೂ ಎತ್ತಣಿಂದೆತ್ತ ಸಂಬಂಧ ಎಂದು ಕೇಳಿದರೆ ಅವರು ಘಾನಾದ ರಾಜಧಾನಿ ಅಕ್ರಾದಿಂದ ಶುರು ಮಾಡುತ್ತಾರೆ. ಗಂಡ ಹಮೀದ್‌ಗೆ ಅಲ್ಲಿಗೆ ಹತ್ತಿರದ ಬಂದರು ಊರಾದ ತೇಮಾದಲ್ಲಿ, ಪ್ಲಾಸ್ಟಿಕ್ ಕಾರ್ಖಾನೆಯೊಂದರ ಯಂತ್ರಗಳ ಉಸ್ತುವಾರಿ ಸಿಕ್ಕಿತ್ತು. 2009ರಲ್ಲಿ ಹೋದ ದಂಪತಿ ಅಲ್ಲಿ ಒಂಬತ್ತು ವರ್ಷ ಇದ್ದರು. ತಾಹಿರಾ ಅಕ್ರಾದ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿದರು. ಓಡಾಟವೆಲ್ಲ ಟ್ರೋಟ್ರೋದಲ್ಲಿ. ನಮ್ಮ ಟೆಂಪೋದಂಥ ಗಾಡಿ, ತುಂಬಿದ ಮೇಲೆಯೇ ಹೊರಡುವುದು.

ಹೋಗಿ ಮೂರನೇ ವಾರ. ಸಂಜೆ ಮಳೆ. ಅರ್ಧ ದಾರಿಯಲ್ಲಿ ಟ್ರೋಟ್ರೋ ಕೆಟ್ಟು ಎಲ್ಲರನ್ನೂ ಇಳಿಸಿತು. ಭಾಷೆ ಬರದು, ದಾರಿ ಗೊತ್ತಿಲ್ಲ. ಟ್ಯಾಕ್ಸಿ ಇದೆ ಬಾ ಎಂದು ಒಬ್ಬ ತಾಹಿರಾರ ಮಣಿಕಟ್ಟು ಹಿಡಿದು ಎಳೆದ. ಅವನ ಕಾರಿನಲ್ಲಿ ಆಗಲೇ ಇಬ್ಬರು ಗಂಡಸರು ಕೂತಿದ್ದರು. ಅಷ್ಟರಲ್ಲಿ ಟೊಮೆಟೊ ಬುಟ್ಟಿ ಇಳಿಸಿಕೊಳ್ಳುತ್ತಿದ್ದ ದಪ್ಪನೆಯ ಹೆಂಗಸೊಬ್ಬರು ಬುಟ್ಟಿಯನ್ನು ಅಲ್ಲೇ ಬಿಟ್ಟು ಬಂದು ತಾಹಿರಾರ ಇನ್ನೊಂದು ಕೈ ಹಿಡಿದುಕೊಂಡರು. ಇವಳು ನನ್ನ ಜೊತೆಯವಳು ಎಂದು ಗಟ್ಟಿಯಾಗಿ ಹೇಳಿದರು. ಸುತ್ತಲಿನ ಹೆಂಗಸರೆಲ್ಲ ತಿರುಗಿ ನೋಡಿದರು. ಅವನು ಕೈಬಿಟ್ಟ. ಆಕೆಯ ಹೆಸರು ಎಫುವಾ. ಬೇರೆ ಗಾಡಿ ಹಿಡಿದು ತಾಹಿರಾರನ್ನು ತೇಮಾದ ಮನೆವರೆಗೆ ಬಿಟ್ಟು, ಬಂದ ದಾರಿಯಲ್ಲೇ ವಾಪಸು ಹೋದರು.

ಮುಂದೆ ಎಷ್ಟೋ ಸಂಜೆ ಇಬ್ಬರೂ ಒಟ್ಟಿಗೆ ಪ್ರಯಾಣ ಮಾಡಿದರು. ಹೆಂಗಸರ ಪಕ್ಕವೇ ಕೂರಬೇಕು, ಕೊನೆಯ ಸಾಲು ಬೇಡ. ಚಿಲ್ಲರೆ ಮೊದಲೇ ಕೈಯಲ್ಲಿರಲಿ, ಚೀಲ ಬಿಚ್ಚಬೇಡ. ಇಳಿಯುವ ಜಾಗ ಎಲ್ಲರಿಗೂ ಕೇಳುವಂತೆ ಹೇಳು, ನೀನು ಇಳಿಯದಿದ್ದರೆ ಯಾರಾದರೂ ಕೇಳುತ್ತಾರೆ. ಎಫುವಾ ಹೇಳಿಕೊಟ್ಟದ್ದು ಇವೇ.

‘ಆಫ್ರಿಕಾದಲ್ಲಿ ಭಯ ಆಗ್ತಿರ್ಲಿಲ್ವಾ ಅಂತ ಕೇಳ್ತಾರೆ,’ ಎನ್ನುತ್ತಾರೆ ತಾಹಿರಾ. ‘ಆಗ್ತಿತ್ತು. ಮೈಸೂರಿನ ಸಿಟಿ ಬಸ್ಸಲ್ಲೂ ಆಗ್ತಿತ್ತು. ಆದ್ರೆ ಅಕ್ರಾದಲ್ಲಿ ಕೂಗಿದ್ರೆ ಕೇಳೋಕೆ ಜನ ಇದ್ರು. ಇಲ್ಲಿ ನೋಡಿ, ರೋಡಿದೆ, ಮನೆಗಳಿವೆ, ಕಾರುಗಳಿವೆ. ಜನಾನೇ ಇಲ್ಲ.’

ಹಮೀದ್‌ರ ಅಕ್ಕ ಇಲ್ಲಿ ವೈದ್ಯೆ. ಆಕೆ ಹಿಂದೆಂದೋ ಹಾಕಿದ್ದ ಅರ್ಜಿ ಫಲಿಸಿ 2018ರಲ್ಲಿ ದಂಪತಿ ಅಮೆರಿಕಕ್ಕೆ ಬಂದರು. ಹಮೀದ್‌ಗೆ ಗೋದಾಮಿನಲ್ಲಿ, ತಾಹಿರಾಗೆ ವೃದ್ಧಾಶ್ರಮವೊಂದರ ಅಡುಗೆಮನೆಯಲ್ಲಿ ಕೆಲಸವಾಯಿತು. ಅಲ್ಲಿ ಆರೈಕೆಯ ಕೆಲಸದಲ್ಲಿದ್ದ ಅಕೋಸುವಾ ಅಕ್ರಾದವರು ಎಂದು ತಿಳಿದ ದಿನ ಇಬ್ಬರೂ ಊಟದ ಬಿಡುವು ಮುಗಿದರೂ ಮಾತು ಬಿಟ್ಟು ಎದ್ದೇ ಇಲ್ಲವಂತೆ.

2021ರ ನವೆಂಬರಿನ ಒಂದು ಬೆಳಿಗ್ಗೆ ಅಕೋಸುವಾ ಒಂದೇ ಕಾಲಿಗೆ ಬೂಟಿದ್ದ ಸ್ಥಿತಿಯಲ್ಲಿ ಅಡುಗೆಮನೆಯ ಹಿಂಬಾಗಿಲಿಗೆ ಬಂದರು. ಕೋವಿಡ್ ಬಂದಾಗಿನಿಂದ ಬಸ್ಸು ಕಡಿಮೆಯಾಗಿ ಅವರು ಒಂದೂವರೆ ಮೈಲಿ ನಡೆದೇ ಬರುತ್ತಿದ್ದರು. ಅಂದು ಕಾರೊಂದು ನಿಧಾನಕ್ಕೆ ಹಿಂದೆಯೇ ಬಂದು, ಪಕ್ಕಕ್ಕೆ ನಿಂತು, ಬಾಗಿಲು ತೆರೆಯಿತು. ಓಡಲು ಆ ರಸ್ತೆಗೆ ಫುಟ್‌ಪಾತೂ ಇರಲಿಲ್ಲ. ಎರಡು ಮನೆಯ ಬಾಗಿಲು ಬಡಿದರು. ಒಂದರಲ್ಲಿ ಜಗಲಿಯ ದೀಪ ಹತ್ತಿತು, ಮತ್ತೆ ಆರಿತು. ಕಸದ ಡಬ್ಬಗಳ ಹಿಂದೆ ಬೆಳಕು ಹರಿಯುವವರೆಗೆ ಕೂತಿದ್ದರು. ತಡವಾಗಿ ಬಂದದ್ದಕ್ಕೆ ಮೇಲ್ವಿಚಾರಕರು ಎಚ್ಚರಿಕೆಯ ಪತ್ರ ಕೊಟ್ಟರು. ಇನ್ನೊಂದು ಪತ್ರ ಬಂದರೆ ಕೆಲಸವಿಲ್ಲ.

ತಾಹಿರಾ ಅವರನ್ನು ಅಪ್ಪಿಕೊಂಡು ‘ಕೊಸೆ, ಕೊಸೆ’ ಎಂದರು. ಅಕ್ರಾದಲ್ಲಿ ಕಲಿತ ಸಾಂತ್ವನದ ಮಾತು. ಮರುದಿನ ಬೆಳಿಗ್ಗೆ ತಮ್ಮ ಹಳೆಯ ಕಾರನ್ನು ಅಕೋಸುವಾ ಮನೆ ಬಾಗಿಲಿಗೇ ಒಯ್ದರು. ತಿಂಗಳಲ್ಲಿ ನಾಲ್ವರಾದರು. ಕಾರು ಸಾಲದೆ, ಅದನ್ನು ಮಾರಿ ಸೆಕೆಂಡ್ ಹ್ಯಾಂಡ್ ವ್ಯಾನ್ ತಂದರು.

ಸುದ್ದಿ ವೃದ್ಧಾಶ್ರಮದ ಆಡಳಿತಕ್ಕೆ ತಲುಪಿತು. ಸಿಬ್ಬಂದಿ ಸಿಬ್ಬಂದಿಯನ್ನು ಕರೆತರುವಂತಿಲ್ಲ, ಅಪಘಾತವಾದರೆ ಹೊಣೆ ಯಾರದು ಎಂದು ಕೇಳಿದರು. ಅವರ ಪ್ರಶ್ನೆಯೂ ತಪ್ಪಲ್ಲ ಎನ್ನುತ್ತಾರೆ ತಾಹಿರಾ. ವ್ಯಾನ್ ಬಿಡಬೇಕು, ಇಲ್ಲವೇ ಕೆಲಸ. ಹಮೀದ್‌ರ ಅಕ್ಕನಿಗೆ ಡಾಕ್ಟರ ಮನೆಯ ಹೆಂಗಸು ಡ್ರೈವರ್ ಆಗುವುದು ಹಿಡಿಸಲಿಲ್ಲ. ಏನು ಮಾಡಲಿ ಎಂದು ತಾಹಿರಾ ಹಮೀದ್‌ರನ್ನು ಕೇಳಿದರು. ಅವರು ಹೋಗಿ ವ್ಯಾನಿನ ಕೆಳಗೆ ಮಲಗಿ ಬ್ರೇಕು ರಿಪೇರಿ ಮಾಡತೊಡಗಿದರು.

‘ಅದೇ ಅವ್ರ ಆನ್ಸರ್ರು,’ ಎಂದು ತಾಹಿರಾ ನಗುತ್ತಾರೆ. ‘ನಾನು ಹೋಗಿ ರಿಸೈನ್ ಮಾಡ್ದೆ.’

ಪರವಾನಗಿ, ವಿಮೆ ಎಲ್ಲ ಕೈಸೇರುವವರೆಗೆ ಹತ್ತು ವಾರ ವ್ಯಾನ್ ನಿಂತಿತ್ತು. ಅಷ್ಟೂ ದಿನ ತಾಹಿರಾ ಬೆಳಿಗ್ಗೆ ಎದ್ದು ಅಕೋಸುವಾ ಜೊತೆ ನಡೆದೇ ಹೋಗಿ ಬಿಟ್ಟು ಬರುತ್ತಿದ್ದರು. ಚಳಿಗೆ ಮಂಡಿ ಹಿಡಿದುಕೊಂಡದ್ದು ಇನ್ನೂ ಬಿಟ್ಟಿಲ್ಲ. ಆ ಕಾರಿನವನು ಯಾರೆಂದು ಕೊನೆಗೂ ತಿಳಿಯಲಿಲ್ಲ. ಪೊಲೀಸರು ಬರೆದುಕೊಂಡು ಹೋದರು, ಅಷ್ಟೇ.

ಅದಾದ ಮೇಲೆ ವ್ಯಾನ್ ನಿಂತಿಲ್ಲ. ಹಿಮ ಬಿದ್ದ ದಿನ ಅರ್ಧ ಗಂಟೆ ಮೊದಲೇ ಹೊರಡುತ್ತದೆ. ಒಬ್ಬರು ಬಾರದಿದ್ದರೆ ತಾಹಿರಾ ಫೋನ್ ಮಾಡುತ್ತಾರೆ. ಎತ್ತದಿದ್ದರೆ ಮೆಟ್ಟಿಲು ಹತ್ತಿ ಬಾಗಿಲು ತಟ್ಟುತ್ತಾರೆ. ಹೋದ ವರ್ಷ ಹೀಗೆ ತಟ್ಟಿ, ಬಾಗಿಲು ತೆಗೆಸಿ ನೋಡಿದಾಗ ಒಳಗೊಬ್ಬರು ಜ್ವರದಲ್ಲಿ ಎಚ್ಚರ ತಪ್ಪಿ ಬಿದ್ದಿದ್ದರು. ಉಳಿದ ಆರು ಹೆಂಗಸರು ಕೆಲಸಕ್ಕೆ ತಡವಾಯಿತೆಂದು ಗೊಣಗದೆ ಅವರನ್ನು ಎತ್ತಿ ವ್ಯಾನಿನಲ್ಲಿ ಮಲಗಿಸಿ ಆಸ್ಪತ್ರೆಗೆ ಮುಟ್ಟಿಸಿದರು.

ಅಕೋಸುವಾಗೆ ರಸ್ತೆಯ ಭಯ ಹೋಗಲು ಬಹಳ ದಿನ ಬೇಕಾಯಿತು. ವ್ಯಾನಿನಿಂದ ಬಾಗಿಲಿಗೆ ಇಪ್ಪತ್ತು ಹೆಜ್ಜೆಯನ್ನೂ ಅವರು ಓಡುತ್ತಿದ್ದರು. ಕಳೆದ ಬೇಸಿಗೆಯಲ್ಲಿ ತಾಹಿರಾ ಖಾಲಿ ಪಾರ್ಕಿಂಗ್ ಜಾಗಕ್ಕೆ ಕರೆದೊಯ್ದು ಅವರಿಗೆ ಗಾಡಿ ಕಲಿಸತೊಡಗಿದರು. ಎರಡು ಸಲ ಪರೀಕ್ಷೆ ತಪ್ಪಿತು, ಮೂರನೆಯ ಸಲ ಪಾಸಾಯಿತು. ವ್ಯಾನ್ ಓಡಿಸಲು ಬೇಕಾದ ಕಾಗದಗಳೂ ಈಗ ಅವರ ಹೆಸರಿನಲ್ಲಿವೆ. ಅವರ ವಾರದ ರಜೆ ಮಂಗಳವಾರ. ಅಂದಿನ ಮೊದಲ ಸುತ್ತು ಅವರದೇ.

ಮಂಗಳವಾರ ನಿಮಗೂ ರಜೆ ತಾನೇ ಎಂದೆ. ಇಲ್ಲ, ಆ ದಿನವೂ ವ್ಯಾನಿನಲ್ಲೇ ಇರುತ್ತೇನೆ, ಆದರೆ ಮೊದಲ ಸುತ್ತಿಗೆ ಹಿಂದಿನ ಸೀಟಿನಲ್ಲಿ ಎಂದರು. ಅಕೋಸುವಾ ಹೇಗೆ ಓಡಿಸುತ್ತಾರೆ ಎಂದು ಕೇಳಿದೆ.

‘ಗೊತ್ತಿಲ್ಲ. ಮೈಸೂರಲ್ಲಿ, ಅಕ್ರಾದಲ್ಲಿ, ಇಲ್ಲಿ, ಬೇರೆಯವ್ರು ಓಡ್ಸೋ ಗಾಡಿಯಲ್ಲಿ ನಾನು ಯಾವತ್ತೂ ಕಣ್ಣು ಮುಚ್ಚಿದವಳಲ್ಲ. ಮಂಗಳವಾರ ಮಾತ್ರ ಹತ್ತಿದ ಐದೇ ನಿಮಿಷಕ್ಕೆ ನಿದ್ದೆ ಬಂದ್ಬಿಡತ್ತೆ.’