ನಡುಗೋಡೆಯೊಳಗಿನ ಕುಡಿಕೆ

ಸುತ್ತಲಿನ ಹತ್ತೂರುಗಳಲ್ಲಿ ಹಳೆ ಮನೆ ಕೆಡವಿದ ಗೌಂಡಿ ನಮ್ಮ ಮಹಬೂಬ. ಅಂಥವನು ಹಾರೆಯನ್ನು ಅಲ್ಲೇ ಬಿಸಾಕಿ ಅಂಗಳಕ್ಕೆ ಓಡಿಬಂದ. ಹಾವಿರಬೇಕು ಅಂದುಕೊಂಡೆ. ಹಾವಾಗಿದ್ದರೆ ಎಷ್ಟೋ ವಾಸಿ ಇತ್ತು!

"ಸರ, ಗ್ವಾಡಿಯಾಗ ಒಂದು ಕುಡಿಕಿ ಐತ್ರಿ. ನಾ ಮಾತ್ರ ಮುಟ್ಟಂಗಿಲ್ಲ ನೋಡ್ರಿ."

ನಾನು ಮುಟ್ಟಿದೆ. (ಕೂಡ್ಲಿಗಿಯಲ್ಲಿ ವಿಜ್ಞಾನದ ಮೇಷ್ಟ್ರು ನಾನು. ಮೂಢನಂಬಿಕೆ ಬಿಡ್ರಪ್ಪಾ ಅಂತ ಈ ಕಾಲಂನಲ್ಲಿ ನಿಮ್ಮ ತಲೆ ತಿನ್ನುವವನೂ ನಾನೇ. ಮುಟ್ಟದೆ ಬಿಟ್ಟರೆ ಮಾನ ಉಳಿಯುತ್ತದೆಯೇ?)

ಅಂಗೈಯಗಲದ ಮಣ್ಣಿನ ಕುಡಿಕೆ. ಬಾಯಿಗೆ ಬಟ್ಟೆ ಕಟ್ಟಿ ಮೇಲೆ ಸುಣ್ಣದ ಗಾರೆ ಮೆತ್ತಿದ್ದರು. ಕಿತ್ತು ನೋಡಿದೆ. ಹೆಂಗಸಿನ ಕೂದಲಿನ ಗಂಟು. ಹಸಿರು ಬಳೆಯ ಚೂರುಗಳು. ತುಕ್ಕು ಹಿಡಿದ ಮೊಳೆಗಳು. ಎಲ್ಲದರ ನಡುವೆ ಬೆರಳುದ್ದದ ಮರದ ಗೊಂಬೆ, ಥೇಟ್ ಎಳೆಗೂಸಿನಂಥದ್ದು. ಅದರ ಕುತ್ತಿಗೆಯಿಂದ ಪಾದದವರೆಗೆ ಕೆಂಪು ದಾರ ಬಿಗಿಯಾಗಿ ಸುತ್ತಿತ್ತು.

ಮುಟ್ಟಬಾರದಿತ್ತು ಅನ್ನಿಸಿತು. ಸುಳ್ಳೇಕೆ ಹೇಳಲಿ?

ಹಿಂದೆ ತಿರುಗಿದರೆ ಹೆಂಡತಿ ಗಿರಿಜಾ ನಿಂತಿದ್ದಳು. ಆಕೆಗೆ ಏಳು ತಿಂಗಳು. ಇದಕ್ಕೂ ಮೊದಲು ಎರಡು ಹುಟ್ಟಿದ್ದವು. ಒಂದು ಆರು ದಿನ ಇತ್ತು, ಇನ್ನೊಂದು ಅಷ್ಟೂ ಇರಲಿಲ್ಲ. ಅವಳ ಕಣ್ಣು ಗೊಂಬೆಯ ಮೇಲೇ ಇತ್ತು.

ಕೊಟ್ಟೂರಿನ ನಮ್ಮ ಮನೆ ಅಪ್ಪ, ದೊಡ್ಡಪ್ಪ ಭಾಗ ಮಾಡಿಕೊಂಡಿದ್ದ ಮಣ್ಣಿನ ಮಾಳಿಗೆ ಮನೆ. ನಡುವೆ ಎರಡು ಮೊಳ ದಪ್ಪದ ಗೋಡೆ. ಈಚೆ ನಾವಿಬ್ಬರು. ಆಚೆ ದೊಡ್ಡವ್ವ ಒಬ್ಬಳೇ. ದೊಡ್ಡಪ್ಪ ತೀರಿಕೊಂಡು ಬಹಳ ಕಾಲವಾಯಿತು, ಮಕ್ಕಳಿಲ್ಲ. ನನ್ನ ಹೆತ್ತವ್ವನೂ ಈಗಿಲ್ಲದ್ದರಿಂದ ಗಿರಿಜಾಳ ಬಾಣಂತನ ದೊಡ್ಡವ್ವನೇ ಮಾಡಬೇಕು. ಬೀದಿ ಸುತ್ತಿ ಬರುವುದು ತಪ್ಪಲಿ ಅಂತ ನಡುಗೋಡೆಯಲ್ಲಿ ಒಂದು ಬಾಗಿಲು ಬಿಡಿಸಲು ಹೊರಟಿದ್ದೆ. ಬಾಗಿಲು ಬೇಕಾಗಿದ್ದೇ ದೊಡ್ಡವ್ವನಿಗಾಗಿ!

ಗದ್ದಲ ಕೇಳಿ ದೊಡ್ಡವ್ವ ಬಂದಳು. ನನ್ನ ಕೈಯಲ್ಲಿದ್ದ ಕುಡಿಕೆ ನೋಡಿದ್ದೇ ತಡ, ಎದೆ ಎದೆ ಬಡಿದುಕೊಂಡಳು.

"ಅಯ್ಯೋ! ಅದನ್ನ್ಯಾಕ ತಗದ್ಯೋ ತಿಪ್ಪೇಶಿ! ಯಾಕ ಬಿಚ್ಚಿದಿ!"

ಅಷ್ಟೊತ್ತಿಗೆ ಓಣಿಯ ಅರ್ಧ ಜನ ಅಂಗಳದಲ್ಲಿದ್ದರು. ಎದುರುಮನೆಯ ಗಂಗಮ್ಮ ಕೇಳಿದಳು. "ಅಲ್ಲವ್ವಾ, ಗ್ವಾಡಿಯೊಳಗ ಏನೈತಿ ಅಂತ ನಿನಗ ಮೊದಲss ಗೊತ್ತಿತ್ತೇನು?"

ದೊಡ್ಡವ್ವ ಬಾಯಿಗೆ ಸೆರಗು ಒತ್ತಿಕೊಂಡಳು. ತಲೆ ತಗ್ಗಿಸಿ ತನ್ನ ಮನೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಇನ್ನೇನು ಬೇಕು? ಸಂಜೆಯೊಳಗೆ ತೀರ್ಪು ಬಂತು. ಮಾಟ! ತನಗಾಗಲಿಲ್ಲ ಅಂತ ಮೈದುನನ ವಂಶಕ್ಕೆ ಕಟ್ಟು ಹಾಕಿದ್ದಾಳೆ. ಹರಪನಹಳ್ಳಿಯಲ್ಲಿ ಹಳೆ ಗೋಡೆ ಒಡೆದಾಗ ತಲೆಬುರುಡೆ ಸಿಕ್ಕಿತ್ತಂತೆ. ಹಗರಿಬೊಮ್ಮನಹಳ್ಳಿಯಲ್ಲಿ ತಾಮ್ರದ ತಗಡು ಸಿಕ್ಕು ಮನೆ ಮಂದಿಯೆಲ್ಲ ಹಾಸಿಗೆ ಹಿಡಿದರಂತೆ. ಎಲ್ಲವೂ ಅಂತೆ, ಅಂತೆ. ಕೂಡ್ಲಿಗಿ ಬಸ್ಸಿನಲ್ಲಿ ಗುರುತಿಲ್ಲದವರೊಬ್ಬರು ನನಗೇ ನನ್ನ ಮನೆಯ ಕಥೆ ಹೇಳಿದರು, ಬಾಲ ಸೇರಿಸಿ!

ಗಿರಿಜಾ ಹಡಗಲಿಯ ತವರಿಗೆ ಹೋಗುತ್ತೇನೆಂದು ಅಳಲು ಶುರುಮಾಡಿದಳು. ಬಸ್ಸಿನ ಕುಲುಕಾಟವೇ ಬೇಡ ಅಂದಿದ್ದರು ಡಾಕ್ಟರಮ್ಮ.

ಮೇಷ್ಟ್ರು ಏನು ಮಾಡಿದರು ಅಂತ ಕೇಳುತ್ತೀರಾ?

ಮರುದಿನವೂ ದೊಡ್ಡವ್ವ ಎಂದಿನಂತೆ ಗಿರಿಜಾಳಿಗೆ ಊಟ ತಂದಳು. ಬಿಸಿ ಮುದ್ದೆ, ಮೆಂತ್ಯೆ ಸೊಪ್ಪಿನ ಸಾರು. ಹೊಸ್ತಿಲ ಹೊರಗೇ ಇಟ್ಟು ಹೋದಳು. ಗಿರಿಜಾ ನನ್ನ ಮುಖ ನೋಡಿದಳು. "ತಿನ್ನಬೇಡ" ಅಂದೆ. ಹೌದು, ನಾನೇ ಅಂದೆ. ತಟ್ಟೆ ಎತ್ತಿಕೊಂಡು ಹಿತ್ತಲಿಗೆ ಹೋಗಿ ತಿಪ್ಪೆಗೆ ಸುರಿದೆ. ತಲೆ ಎತ್ತಿದರೆ ಮೋಟುಗೋಡೆಯ ಆಚೆ ದೊಡ್ಡವ್ವ ನಿಂತಿದ್ದಳು, ಕೈಯಲ್ಲಿ ಹಿಂಡಿದ ಬಟ್ಟೆ. ನೋಡಿದಳು. ಬಟ್ಟೆ ಒಣಹಾಕಿ ಒಳಗೆ ಹೋದಳು.

ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

ಮೂರನೇ ದಿನ ಮಹಬೂಬನ ತಂದೆ ಹುಸೇನಸಾಬರು ಕೋಲೂರಿಕೊಂಡು ಬಂದರು. ಅವರೂ ಗೌಂಡಿಯೇ, ಕೆಲಸ ಬಿಟ್ಟು ಎಷ್ಟೋ ವರ್ಷವಾಗಿದೆ. ಕಟ್ಟೆಯ ಮೇಲೆ ಕೂತರು. ಕೊಟ್ಟ ನೀರು ಮುಟ್ಟಲಿಲ್ಲ.

"ಆ ಕುಡಿಕಿ ಬಾಯಿಗೆ ಗಾರಿ ಮೆತ್ತಿದಾತ ನಾನು, ತಮ್ಮಾ."

ನಾನು ಅವರ ಎದುರು ಕೂತೆ.

"ಸ್ವಾತಂತ್ರ್ಯ ಬಂದ ಮರುವರ್ಷ. ಮಳಿಗೆ ಈ ಗ್ವಾಡಿ ಮೂಲಿ ಕುಸದಿತ್ತು, ಕಟ್ಟಾಕ ಬಂದಿದ್ದೆ. ನೀನು ಹತ್ತು ದಿನದ ಕೂಸು. ನಿನ್ನ ಮುಂದ ಮೂರು ಹೋಗಿದ್ವು ನಿಮ್ಮವ್ವಗ. ನೀನೂ ಮಲಿ ಹಿಡೀತಿದ್ದಿಲ್ಲ. ಆಗ ಈ ನಿಮ್ಮ ದೊಡ್ಡವ್ವ, ಇನ್ನಾ ಸಣ್ಣ ಹುಡುಗಿ, ಆ ಕುಡಿಕಿ ತಂದು 'ಸಾಬಣ್ಣಾ, ಇದನ್ನ ಕಲ್ಲಿನ ಸಂದ್ಯಾಗ ಇಟ್ಟು ಮುಚ್ಚಿಬಿಡು' ಅಂದ್ಲು. ಕೂದಲ ಆಕೀವು. ಬಳಿ ಆಕೀವು. ಮೊಳಿ, ಗಾಳಿ ಸೋಕಬಾರದು ಅಂತ."

"ಗೊಂಬೆ?"

"ಆಕಿಗೆ ಮುಂದ ಹುಟ್ಟಬೇಕಾದ ಕೂಸು. 'ನನ್ನ ಮಡಿಲ ಕೂಸನ್ನ ಈ ಗ್ವಾಡಿಗೆ ಕೊಟ್ಟೀನಿ, ನೆಗೆಣ್ಣಿ ಕೂಸನ್ನ ಉಳಿಸು' ಅಂತ ಕೈ ಮುಗುದ್ಲು. ಬಾಯಿಬಿಟ್ಟರ ಹರಕಿ ಮುರದಂಗ. ಅದಕ್ಕ ಆಕಿ ಯಾರಿಗೂ ಹೇಳಿಲ್ಲ. ನಾನೂ ಹೇಳಿದ್ದಿಲ್ಲ. ಈಗ ಆ ತಾಯಿಗೆ ಮಾಟಗಾತಿ ಅನ್ನಾಕತ್ಯಾರಂತ ಮಗ ಬಂದು ಹೇಳಿದ. ಹ್ಯಾಂಗ ಸುಮ್ಮನಿರಲಿ?"

ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಗಿರಿಜಾ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಇಂಥ ಹರಕೆಯಿಂದ ಕೂಸು ಬದುಕುತ್ತದೆಂದು ನಾನು ನಂಬುವುದಿಲ್ಲ. ನಾನು ಉಳಿದದ್ದು ಹೇಗೋ ನನಗೆ ಗೊತ್ತಿಲ್ಲ. ಆಕೆಗೆ ಮಕ್ಕಳಾಗದೆ ಹೋದದ್ದಕ್ಕೂ ಬೇರೆ ಕಾರಣವೇ ಇದ್ದೀತು. ಆದರೆ ಆಕೆ ನಂಬಿದ್ದಳಲ್ಲ! ನಂಬಿಯೇ ಕೊಟ್ಟಳಲ್ಲ! ಮೂವತ್ತೆರಡು ವರ್ಷ ಬಂಜೆ ಅನ್ನಿಸಿಕೊಂಡಳು, ಈಗ ಮಾಟಗಾತಿ ಅನ್ನಿಸಿಕೊಂಡಳು, ಆದರೂ ತುಟಿ ಬಿಚ್ಚಲಿಲ್ಲ. ಬಿಚ್ಚಿದರೆ ನನಗೇನಾದರೂ ಆದೀತೆಂಬ ಹೆದರಿಕೆ. ಯಾರಿಗೆ? ಅವಳ ಅನ್ನ ತಿಪ್ಪೆಗೆ ಸುರಿದ ಈ ಮಹಾನುಭಾವನಿಗೆ!

ಆಚೆ ಮನೆಗೆ ಓಡಿಹೋಗಿ ದೊಡ್ಡವ್ವನ ಕಾಲು ಹಿಡಿದೆ. ಕೂಸಿನಂತೆ ಅತ್ತೆ.

"ಏಳೋ, ಏಳು. ಮೊದಲು ಕುಡಿಕಿ ಇದ್ದಲ್ಲೇ ಇಡಸು. ಆಮ್ಯಾಲೆ ಅಳುವಂತಿ," ಅಂದಳು.

ಇಡಿಸಿದೆ. ಮಹಬೂಬನೇ ಗಾರೆ ಮೆತ್ತಿದ, ಈ ಸಲ ಚಪ್ಪಲಿ ಬಿಟ್ಟು. ಬಾಗಿಲು ಎರಡು ಮೊಳ ಪಕ್ಕಕ್ಕೆ ಸರಿಯಿತು. (ನಗುವವರು ನಗಿರಿ. ವಿಜ್ಞಾನದ ಮೇಷ್ಟ್ರ ಮನೆಯಲ್ಲಿ ಬಾಗಿಲು ಸೊಟ್ಟ ಜಾಗದಲ್ಲಿದೆ.) ಓಣಿಯವರಿಗೆ ಹುಸೇನಸಾಬರೇ ಮನೆ ಮನೆಗೆ ಹೋಗಿ ಹೇಳಿದರು. ಗಂಗಮ್ಮ ಬಂದು ಅತ್ತು ಹೋದಳು. ಎಲ್ಲ ಸರಿಹೋಯಿತು ಅಂದುಕೊಂಡೆ.

ಈಗ ದೊಡ್ಡವ್ವ ಹೊಸ ಬಾಗಿಲಿನಿಂದಲೇ ಊಟ ತರುತ್ತಾಳೆ. ಗಿರಿಜಾಳ ಎದುರು ಕೂರುತ್ತಾಳೆ. ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ, ಮೊದಲ ತುತ್ತು ನಮಗೆ ಕಾಣುವಂತೆ ತಾನೇ ನುಂಗುತ್ತಾಳೆ. ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದು, ಆಮೇಲೆ ತಟ್ಟೆಯನ್ನು ಗಿರಿಜಾಳ ಕಡೆ ಸರಿಸುತ್ತಾಳೆ. ಹಾಗೆ ಮಾಡು ಅಂತ ಯಾರೂ ಹೇಳಿಲ್ಲ. ಬೇಡ ದೊಡ್ಡವ್ವ ಅಂತ ಕೈ ಮುಗಿದರೂ ಬಿಡುವುದಿಲ್ಲ.

ನಾನು ಮಾಡಿದ ಈ ಮಾಟವನ್ನು ತೆಗೆಯುವವರು ನಿಮ್ಮೂರಿನಲ್ಲಿ ಯಾರಾದರೂ ಇದ್ದಾರೆಯೇ?