ಪಿಳ್ಳಪ್ಪನ ಶೆಡ್ಡಿನ ನೆಲ

ಎರಡನೆಯ ಮಹಾಯುದ್ಧ ಮುಗಿದ ಕಾಲದಲ್ಲಿ ದೊಡ್ಡಬಳ್ಳಾಪುರದಲ್ಲಿ ಬಸ್ಸಿಗೆ ಬಣ್ಣ ಹೊಡೆಯುವವರು ಇಬ್ಬರಿದ್ದರು. ಆದರೂ ಮಾಲೀಕರು ಬಸ್ಸು ತಂದು ನಿಲ್ಲಿಸುತ್ತಿದ್ದುದು ಪಿಳ್ಳಪ್ಪನ ಶೆಡ್ಡಿನ ಮುಂದೆಯೇ. ಅವನು ಬಣ್ಣ ಹೊಡೆದ ಬಸ್ಸಿನ ಮೈಯಲ್ಲಿ ಮುಖ ನೋಡಿಕೊಂಡು ಮೀಸೆ ತಿರುವಬಹುದಿತ್ತು. ಕಂಡಕ್ಟರುಗಳು ತಿರುವುತ್ತಲೂ ಇದ್ದರು. ಇನ್ನೊಬ್ಬನ ಬಣ್ಣವೂ ಅದೇ ಅಂಗಡಿಯದು, ಬ್ರಷ್ಷೂ ಅದೇ ಅಂಗಡಿಯದು. ಅವನ ಬಸ್ಸಿನ ಮೇಲೆ ಕೈಯಾಡಿಸಿದರೆ ಮಾತ್ರ ರವೆ ಚೆಲ್ಲಿದಂತೆ ತರಿತರಿ.

ವ್ಯತ್ಯಾಸವೆಲ್ಲ ಧೂಳಿನದು. ಆಗಿನ ಬಣ್ಣ ಒಣಗಲು ಹಗಲೂ ರಾತ್ರಿ ಬೇಕಾಗುತ್ತಿತ್ತು. ಅಷ್ಟು ಹೊತ್ತು ಗಾಳಿಯಲ್ಲಿ ಹಾರುವುದೆಲ್ಲ ಬಂದು ಹಸಿ ಬಣ್ಣದ ಮೇಲೆ ಕೂರುತ್ತಿತ್ತು. ಮಗ್ಗದ ಬೀದಿಗಳಿಂದ ನೂಲಿನ ಜುಂಗು, ಊರಾಚೆಯ ಕಣಗಳಿಂದ ರಾಗಿ ಹೊಟ್ಟು, ರಸ್ತೆಯಿಂದ ಎತ್ತಿನಗಾಡಿಗಳ ಕೆಂಧೂಳು. ಅದಕ್ಕೇ ಕೊನೆಯ ಕೈ, ಅಂದರೆ ಬಣ್ಣದ ಕೊನೆಯ ಪದರ, ಹೊಡೆಯುವ ದಿನ ಪಿಳ್ಳಪ್ಪ ಶೆಡ್ಡಿನ ಬಾಗಿಲಿಗೆ ಅಗುಳಿ ಹಾಕಿಕೊಳ್ಳುತ್ತಿದ್ದ. ಒಳಗೆ ಏನು ಮಾಡುತ್ತಾನೆಂದು ಯಾರೂ ಕಂಡಿರಲಿಲ್ಲ. ಹೆಂಡತಿ ಭಾಗ್ಯಮ್ಮ ಕೇಳಿದರೆ, "ಬಣ್ಣದ ವಾಸನೆ ಹೆಂಗಸರಿಗೆ ಆಗಲ್ಲ, ಆ ಕಡೆ ಬರಬೇಡ," ಎನ್ನುತ್ತಿದ್ದ.

ಮನೆಯಲ್ಲಿ ಅವನ ರೀತಿಯೇ ಬೇರೆ. ಉಂಡ ತಟ್ಟೆಯಲ್ಲೇ ಕೈ ತೊಳೆದು ಏಳುವನು. ಮಾರುದೂರದಲ್ಲಿ ನೀರಿನ ಚೊಂಬಿದ್ದರೂ "ಲೇ, ನೀರು" ಎಂದು ಕೂಗುವನು. ಆಗತಾನೆ ಸಗಣಿ ಸಾರಿಸಿದ ನೆಲದ ಮೇಲೆ ಬೀದಿಯ ಧೂಳಿನ ಹೆಜ್ಜೆ ಒತ್ತಿಕೊಂಡು ನಡುಮನೆಗೆ ಬರುವನು. ಭಾಗ್ಯಮ್ಮ ಮತ್ತೆ ಬಗ್ಗಿ ಆ ಹೆಜ್ಜೆಗಳನ್ನು ಅಳಿಸುವಳು. ಅದನ್ನು ಯಾರೂ ಕೆಲಸವೆಂದು ಎಣಿಸಿದ್ದಿಲ್ಲ.

ಆ ವರ್ಷ ಸಾಸಲಿನಲ್ಲಿದ್ದ ಅವಳ ತಂಗಿ ಗಂಗಲಕ್ಷ್ಮಮ್ಮನಿಗೆ ಎರಡನೆಯ ಹೆರಿಗೆ ಹತ್ತಿರವಾಗಿತ್ತು. ತಾಯಿ ಇಲ್ಲದ ಹುಡುಗಿ. ಮೊದಲ ಹೆರಿಗೆಗೆ ಭಾಗ್ಯಮ್ಮನಿಗೆ ಹೋಗಲಾಗದೆ, ತಂಗಿ ಹಸಿಮೈಯಲ್ಲೇ ಬಾವಿಯಿಂದ ನೀರು ಸೇದಿದ್ದಳು. ಈ ಸಲವಾದರೂ ಒಂದು ತಿಂಗಳು ಇದ್ದು ಬಾಣಂತನ ಮಾಡಿ ಬರಬೇಕೆಂದು ಭಾಗ್ಯಮ್ಮನ ಜೀವ ಬಡಿದುಕೊಳ್ಳುತ್ತಿತ್ತು.

"ಹೋಗಬೇಡ ಅಂತ ನಾನ್ಯಾಕೆ ಅನ್ಲಿ?" ಎಂದಳು ಅತ್ತೆ ಲಕ್ಕಮ್ಮ, ಮಂಡಿ ನೀವಿಕೊಳ್ಳುತ್ತ. "ಕೂತ್ಕೊಂಡು ಮುದ್ದೆ ಮಾಡ್ತೀನಿ. ಬಗ್ಗಿ ಗುಡಿಸೋರ್ಯಾರು, ಸಾರಿಸೋರ್ಯಾರು, ನೀರು ತರೋರ್ಯಾರು?"

ಇಬ್ಬರೂ ಪಿಳ್ಳಪ್ಪನ ಕಡೆ ನೋಡಿದರು.

"ನನ್ನ ಯಾಕೆ ನೋಡ್ತೀರಾ? ಪೊರಕೆ ಯಾವ ಕಡೆಯಿಂದ ಹಿಡೀಬೇಕು ಅಂತಾನೇ ನಂಗೊತ್ತಿಲ್ಲ," ಎಂದ ಪಿಳ್ಳಪ್ಪ.

ಅದೂ ಮಗನ ಒಂದು ಒಳ್ಳೆಯ ಗುಣವೇ ಎಂಬಂತೆ ಲಕ್ಕಮ್ಮ ತಲೆಯಾಡಿಸಿದಳು.

ಆ ದಿನಗಳಲ್ಲಿ ಶೆಡ್ಡಿನಲ್ಲಿದ್ದುದು ತಾಜುದ್ದೀನ್ ಸಾಹೇಬರ ಬಸ್ಸು. ಯುದ್ಧದ ವರ್ಷಗಳಲ್ಲಿ ಪೆಟ್ರೋಲು ಸಿಗದೆ ಇದ್ದಿಲ ಗ್ಯಾಸಿನಲ್ಲಿ ಓಡಿ, ಸಂದುಗೊಂದಿಗಳಲ್ಲೆಲ್ಲ ಮಸಿ ತುಂಬಿಕೊಂಡಿತ್ತು. ಇನ್ನುಮುಂದೆ ಸಾಸಲಿಗೆ ಓಡಬೇಕಾಗಿದ್ದ ಬಸ್ಸು ಅದು.

"ಅರೆ ಪಿಳ್ಳಪ್ಪ, ನಮ್ ಗಾಡಿ ಮಸಿ ಹಿಡಿದ ದೇಗ್ಚಿ ಆಗೋಗೈತೆ. ಮದುವೆ ಹೆಣ್ಣು, ದುಲ್ಹನ್ ಮಾಡ್ಕೊಡಪ್ಪಾ," ಎಂದಿದ್ದರು ಸಾಹೇಬರು.

ಕೊನೆಯ ಕೈ ಹೊಡೆಯುವ ದಿನ ಪಿಳ್ಳಪ್ಪ ಬುತ್ತಿ ಮರೆತು ಹೋದ. ಭಾಗ್ಯಮ್ಮ ಅದನ್ನು ಹಿಡಿದು ಪಕ್ಕದ ಬೀದಿಯ ಶೆಡ್ಡಿಗೆ ಬಂದಳು. ಬಾಗಿಲು ಹಾಕಿತ್ತು. ಹಲಗೆಯ ಸಂದಿಗೆ ಕಣ್ಣಿಟ್ಟಳು.

ಒಳಗೆ ಅವಳ ಗಂಡ ನೆಲ ಒರೆಸುತ್ತಿದ್ದ.

ತಲೆಗೆ ಒದ್ದೆ ಬಟ್ಟೆ ಸುತ್ತಿದ್ದ. ಬಟ್ಟೆಯ ಎಳೆ ಉದುರದಿರಲೆಂದು ಅಂಗಿ ತೆಗೆದಿದ್ದ. ಕಿಟಕಿಗಳಿಗೆ ನೀರಿನಲ್ಲಿ ಅದ್ದಿದ ಗೋಣಿತಾಟು ಇಳಿಬಿಟ್ಟಿದ್ದ. ತೊಲೆಗಳಲ್ಲಿ ಒಂದೆಳೆ ಜೇಡರ ಬಲೆ ಇರಲಿಲ್ಲ. ಪೊರಕೆಯಂತೂ ಶೆಡ್ಡಿನಲ್ಲೇ ಇರಲಿಲ್ಲ, ಗುಡಿಸಿದರೆ ಧೂಳೇಳುತ್ತದಲ್ಲ. ಕಲ್ಲುಚಪ್ಪಡಿಯ ಮೇಲೆ ಮಂಡಿಯೂರಿ, ಮೂಲೆಯಿಂದ ಹಿಂದಕ್ಕೆ ಸರಿಯುತ್ತ ಒರೆಸುವನು, ಬಟ್ಟೆ ಹಿಂಡುವನು, ನೀರು ಕದಡಿದರೆ ಚೆಲ್ಲಿ ಬೇರೆ ನೀರು ತುಂಬುವನು. ಆಮೇಲೆ ಬಸ್ಸಿನ ಒಂದೊಂದು ಮೊಳೆಯ ಸುತ್ತಲೂ ಮಗುವಿನ ಕಿವಿ ಒರೆಸುವಂತೆ ಬಟ್ಟೆಯ ತುದಿಯಿಂದ ಒರೆಸಿದ. ಡಬ್ಬಿಯ ಬಣ್ಣವನ್ನು ತೆಳುಬಟ್ಟೆಯಲ್ಲಿ ಸೋಸಿದ.

ಭಾಗ್ಯಮ್ಮ ನಗು ತಡೆಯಲಾರದೆ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಆಮೇಲೆ ಬಾಗಿಲು ಬಡಿದಳು.

ಅಗುಳಿ ಸರಿದು, ಕದ ಒಂದು ಗೇಣು ತೆರೆಯಿತು. "ನಿಲ್ಲು ಅಲ್ಲೇ! ಒಳಗೆ ಕಾಲಿಡಬೇಡ ಕಣೇ, ಕಾಲೆಲ್ಲ ಧೂಳು. ಈಗ್ತಾನೆ ನೆಲ ಒರೆಸಿದೀನಿ!" ಎಂದುಬಿಟ್ಟು ಪಿಳ್ಳಪ್ಪ ನಾಲಿಗೆ ಕಚ್ಚಿಕೊಂಡ.

"ನೋಡ್ದೆ," ಎಂದಳು ಭಾಗ್ಯಮ್ಮ. "ಮೂಲೆಮೂಲೆಗೂ ಬಟ್ಟೆ ಹಾಕ್ತೀರ. ನಾನೂ ಅಷ್ಟು ಹಾಕಲ್ಲ."

"ಅದು ಬೇರೆ, ಇದು ಬೇರೆ. ಇದು ಕೆಲಸ."

"ಹಂಗಾದ್ರೆ ಮನೇಲಿ ನಾನು ಮಾಡೋದು?"

ಪಿಳ್ಳಪ್ಪ ಬಸ್ಸಿನ ಕಡೆ ನೋಡಿದ. ಬಸ್ಸು ಏನೂ ಹೇಳಿಕೊಡಲಿಲ್ಲ. "ಯಾರಿಗೂ ಹೇಳಬೇಡ ಕಣೇ. ಬೀದಿಯೋರು ಆಡ್ಕೊಳ್ತಾರೆ."

"ನಾನ್ಯಾಕೆ ಹೇಳ್ಲಿ? ಅತ್ತೆನೇ ಕರ್ಕೊಂಡ್ಬರ್ತೀನಿ, ಅವರೇ ನೋಡ್ಲಿ," ಎಂದು ಬುತ್ತಿಯನ್ನು ಅವನ ಕೈಗಿಟ್ಟು ಹೊರಟೇಬಿಟ್ಟಳು.

ಲಕ್ಕಮ್ಮ ಕೋಲೂರಿಕೊಂಡು, ಗೊಣಗುತ್ತ ಬಂದು ಸಂದಿಯಲ್ಲಿ ಇಣುಕಿದಳು. ಮಗ ಊಟ ಮುಗಿಸಿ, ಕೂತ ಜಾಗವನ್ನು ಮತ್ತೊಮ್ಮೆ ಮಂಡಿಯೂರಿ ಒರೆಸುತ್ತಿದ್ದ. ಮುದುಕಿ ಬಹಳ ಹೊತ್ತು ನೋಡಿದಳು.

"ಲೋ ಪಿಳ್ಳಾ!" ಎಂದು ಒಮ್ಮೆಲೇ ಕೂಗಿದಳು. "ನನ್ನ ಮಂಡಿ ಸವೆದಿದ್ದು ಯಾವ ನೆಲದ ಮೇಲೆ ಗೊತ್ತೇನೋ? ಇಂಥಾ ಕೈ ಇಟ್ಕೊಂಡು ಇಷ್ಟು ವರ್ಷ ಕಾಲು ಚಾಚ್ಕೊಂಡು ಕೂತಿದ್ಯೇನೋ!"

"ಅಮ್ಮಾ, ಮೆಲ್ಲಗೆ! ಕೋಲು ಕುಟ್ಟಬೇಡ, ಧೂಳೇಳ್ತದೆ!" ಎಂದಿತು ಒಳಗಿನ ದನಿ.

ಲಕ್ಕಮ್ಮ ಸೊಸೆಯ ಕಡೆ ತಿರುಗಿದಳು. "ಬಟ್ಟೆ ಗಂಟು ಕಟ್ಕೋ ಹೋಗು. ಈ ಬಸ್ಸು ಹೊರಟ ದಿನ ನೀನೂ ಹೊರಡು."

ಬಸ್ಸು ಎಲೆಹಸಿರಾಗಿ ಮಿಂಚುತ್ತ ಹೊರಬಂದಾಗ ತಾಜುದ್ದೀನ್ ಸಾಹೇಬರು ಅದರ ಮೈಯಲ್ಲಿ ನೋಡಿಕೊಂಡು ಟೋಪಿ ಸರಿಮಾಡಿಕೊಂಡರು. "ನಮ್ ಮನೆ ಕನ್ನಡಿನೂ ಇಷ್ಟು ಸಾಫ್ ಇಲ್ಲ ಪಿಳ್ಳಪ್ಪಾ!" ಭಾಗ್ಯಮ್ಮ ಗಂಟನ್ನು ಮಡಿಲಲ್ಲಿಟ್ಟುಕೊಂಡು ಮುಂದಿನ ಸೀಟಿನಲ್ಲೇ ಕೂತಳು.

ಸಾಸಲಿನಲ್ಲಿ ತಂಗಿಗೆ ಹೆಣ್ಣುಮಗು ಹುಟ್ಟಿತು. ಈ ಸಲ ಗಂಗಲಕ್ಷ್ಮಮ್ಮ ಬಿಸಿನೀರು ಹುಯ್ಯಿಸಿಕೊಂಡು, ಮೆಣಸಿನ ಸಾರು ಉಂಡು, ಕಿವಿಗೆ ಬಟ್ಟೆ ಕಟ್ಟಿಕೊಂಡು ಮಲಗಿದಳು. ಒಂದು ಬಿಂದಿಗೆಯನ್ನೂ ಮುಟ್ಟಲಿಲ್ಲ.

ಮನೆಯ ಸುದ್ದಿ ಬಸ್ಸಿನ ಕಂಡಕ್ಟರನ ಬಾಯಲ್ಲೇ ಬರುತ್ತಿತ್ತು. "ನಿಮ್ಮತ್ತೆ ಹೇಳ್ಕಳಿಸವ್ರೆ ಕಣಕ್ಕಾ. ಪಿಳ್ಳಪ್ಪಣ್ಣ ಸಗಣಿ ನೀರನ್ನೂ ಬಟ್ಟೇಲಿ ಸೋಸ್ತಾನಂತೆ. ನೆಲಕ್ಕೆ ಎರಡು ಕೈ ಹೊಡೀತಾನಂತೆ, ಮೊದಲನೇದು ಒಣಗೋ ತನಕ ಯಾರ್ನೂ ಒಳಗೆ ಬಿಡಲ್ವಂತೆ!"

ಪಿಳ್ಳಪ್ಪ ಮನೆಯ ಬಾಗಿಲಿಗೂ ಅಗುಳಿ ಹಾಕಿಕೊಂಡೇ ಸಾರಿಸುತ್ತಿದ್ದ. ಆದರೆ ಲಕ್ಕಮ್ಮನ ಬಾಯಿಗೆ ಅಗುಳಿ ಇರಲಿಲ್ಲ. ಬೀದಿಯವರು ಆಡಿಕೊಳ್ಳಲಿಲ್ಲ, ಎಂಥಾ ಗಂಡ ಎಂದು ಹೊಗಳಿದರು. ಇಷ್ಟು ವರ್ಷ ಅದೇ ನೆಲ ಸಾರಿಸಿದವಳನ್ನು ಎಂಥಾ ಹೆಂಡತಿ ಎಂದು ಒಬ್ಬರೂ ಅಂದಿರಲಿಲ್ಲ.

ತಿಂಗಳು ತುಂಬಿ ಭಾಗ್ಯಮ್ಮ ಊರಿಗೆ ಬಂದಿಳಿದಾಗ ಬಿಸಿಲೇರಿತ್ತು. ಮನೆಯ ಕದ ಮುಚ್ಚಿತ್ತು. ಬಡಿದಳು.

"ನಿಲ್ಲು ಅಲ್ಲೇ! ಎರಡನೇ ಕೈ ಇನ್ನೂ ಹಸಿ ಐತೆ!" ಎಂದ ಪಿಳ್ಳಪ್ಪ ಒಳಗಿನಿಂದ. "ಕಾಲು ತೊಳ್ಕೋ, ಹೊರಗೆ ನೀರಿಟ್ಟಿದೀನಿ."

ಜಗಲಿಯ ಪಕ್ಕದಲ್ಲಿ ತುಂಬಿದ ಬಿಂದಿಗೆ ಇತ್ತು. ಭಾಗ್ಯಮ್ಮ ಕಾಲು ತೊಳೆದುಕೊಂಡಳು. ಗಂಟನ್ನು ಪಕ್ಕಕ್ಕಿಟ್ಟು, ಮದುವೆಯಾದ ಮೇಲೆ ಮೊದಲ ಸಲ, ನೆಲ ಒಣಗಲೆಂದು ಜಗಲಿಯ ಮೇಲೆ ಸುಮ್ಮನೆ ಕೂತಳು.