ಶನಿವಾರ ಎಣ್ಣೆ ಮುಟ್ಟದ ಅಜ್ಜ

ಶನಿವಾರ ನಾನು ತಲೆಗೆ ಎಣ್ಣೆ ಹಚ್ಚಿಕೊಳ್ಳುವುದಿಲ್ಲ. ಹಾಗೆಂದು ಹೇಳಿದರೆ ಸಾಕು, ಕೇಳಿದವರು ಶನಿಮಹಾತ್ಮನ ಹೆಸರು ತೆಗೆಯುತ್ತಾರೆ. ನಾನೂ ‘ಹೂಂ’ ಅಂದುಬಿಡುತ್ತೇನೆ. ಈ ‘ಹೂಂ’ ನನ್ನ ಬಾಯಿಂದ ಮೊದಲು ಬಿದ್ದದ್ದು ನನಗೆ ಎಂಟು ವರ್ಷವಿದ್ದಾಗ, ಹುಬ್ಬಳ್ಳಿಯಲ್ಲಿ, ದೊಡ್ಡ ಯುದ್ಧದ ದಿನಗಳಲ್ಲಿ. ಅದು ಅಪ್ಪಟ ಸುಳ್ಳು. ಅದಕ್ಕಾಗಿ ಪಶ್ಚಾತ್ತಾಪ ಪಡಬೇಕೋ ಬೇಡವೋ ಎಂಬುದು ಮಾತ್ರ ಇವತ್ತಿಗೂ ತೀರ್ಮಾನವಾಗಿಲ್ಲ.

ನಾವು ಯೆಹೂದಿಗಳು. ಹುಬ್ಬಳ್ಳಿಯಲ್ಲಿ ಯೆಹೂದಿಗಳೇ ಎಂದು ಹುಬ್ಬೇರಿಸಬೇಡಿ, ರೈಲು ಹೋದಲ್ಲಿಗೆಲ್ಲ ಎಲ್ಲ ನಮೂನೆಯ ಜನ ಹೋಗುತ್ತಾರೆ. ನನ್ನ ಅಜ್ಜ ಕೊಂಕಣದ ಕಡಲ ತಡಿಯಿಂದ ಬಂದು ದವಾಖಾನೆಯೊಂದರಲ್ಲಿ ಗಾಯ ತೊಳೆದು ಪಟ್ಟಿ ಕಟ್ಟುವ ಕೆಲಸಕ್ಕೆ ಸೇರಿದವನು. ಅವನ ಹಿರಿಯರು ಅಲ್ಲಿ ಗಾಣ ಹೂಡಿ ಎಣ್ಣೆ ತೆಗೆಯುತ್ತಿದ್ದರು. ಆರು ದಿನ ಗಾಣ ತಿರುಗುತ್ತಿತ್ತು, ಏಳನೆಯ ದಿನ, ಶನಿವಾರ, ನಿಲ್ಲುತ್ತಿತ್ತು. ಲೋಕವನ್ನು ಮಾಡಿ ಮುಗಿಸಿದ ದೇವರೇ ಆ ದಿನ ಸುಮ್ಮನೆ ಕೂತನೆಂದ ಮೇಲೆ ಗಾಣದ ಎತ್ತಿಗೇಕೆ ದುಡಿಮೆ? ಊರವರು ಅವರನ್ನು ಶನಿವಾರದ ಗಾಣಿಗರು ಎಂದೇ ಕರೆಯುತ್ತಿದ್ದರಂತೆ. ನಮ್ಮ ಧರ್ಮದ ಬಗ್ಗೆ ಅವರಿಗೆ ತಿಳಿದಿದ್ದದ್ದು ಅಷ್ಟೇ, ಅಷ್ಟು ತಿಳಿದಿದ್ದು ಸಾಕಾಗಿತ್ತು ಕೂಡ.

ನೌಕರಿ ಮುಗಿದ ಮೇಲೆ ಅಜ್ಜ ಸ್ಟೇಶನ್ ಹತ್ತಿರದ ನಮ್ಮ ಮನೆಯ ಪಡಸಾಲೆಯಲ್ಲಿ ಒಂದು ಬೆಂಚು ಹಾಕಿದ. ಗೂಡಿನಲ್ಲಿ ಎಳ್ಳೆಣ್ಣೆ, ಔಡಲೆಣ್ಣೆ, ಕುಸುಬೆ ಎಣ್ಣೆಯ ಬಾಟ್ಲಿಗಳು. ಕೀಲು ಹಿಡಿದವರು, ನರ ಎಳೆದವರು, ಹಮಾಲರು, ಫಿಟ್ಟರುಗಳು ಬರುತ್ತಿದ್ದರು. ಇಂದು ನನ್ನ ಮೊಮ್ಮಗಳು ಅವನನ್ನು ‘ಥೆರಪಿಸ್ಟ್’ ಎನ್ನುತ್ತಾಳೆ. ಊರು ಎಣ್ಣಿ ಅಜ್ಜ ಎನ್ನುತ್ತಿತ್ತು. ಎರಡೂ ಪೂರ್ತಿ ಸರಿಯಲ್ಲ ಎಂದು ನನಗನಿಸುತ್ತದೆ.

ಏಕೆಂದರೆ ಅಜ್ಜ ಎಲ್ಲಿ ನೋವು ಎಂದು ಯಾರನ್ನೂ ಕೇಳುತ್ತಿರಲಿಲ್ಲ. ಎಣ್ಣೆ ಬೆಚ್ಚಗೆ ಮಾಡಿ, ಬಂದವರ ಕೈಯನ್ನೋ ಕಾಲನ್ನೋ ತನ್ನ ತೊಡೆಯ ಮೇಲಿಟ್ಟುಕೊಂಡು, “ನಿನ್ನಿ ಏನ್ ಉಂಡ್ರಿ?” ಎನ್ನುತ್ತಿದ್ದ. ರೊಟ್ಟಿ, ಪುಂಡಿಪಲ್ಯ ಎಂದು ಮಾತು ಶುರುವಾಗುತ್ತಿತ್ತು. ರೊಟ್ಟಿ ಬಡಿದವರು ಯಾರು, ಯಾಕೆ ತಣ್ಣಗಾಗಿತ್ತು, ಜೊತೆಗೆ ಯಾರು ಕೂತಿದ್ದರು, ಯಾರು ಕೂತಿರಲಿಲ್ಲ ಎಂದು ಅದು ಮೆಲ್ಲಗೆ ಒಳಮನೆ ಹೊಗುತ್ತಿತ್ತು. ಮಧ್ಯಾಹ್ನದ ಬಿಸಿಲು ಬಾಟ್ಲಿಗಳ ಮೂಲಕ ಹಾದು ಗೋಡೆಯ ಮೇಲೆ ಹಳದಿಯಾಗಿ ಅಲುಗುತ್ತಿತ್ತು. ದೂರದಲ್ಲಿ ಇಂಜಿನ್ ಉಸಿರು ಬಿಡುತ್ತಿತ್ತು. ಆ ಎಣ್ಣೆಯ ವಾಸನೆಯಲ್ಲಿ ದೊಡ್ಡ ದೊಡ್ಡ ಗಂಡಸರು ಅಳುವುದನ್ನು ನೋಡುತ್ತಲೇ ನಾನು ಬೆಳೆದೆ. ಗಂಡಸರು ಅಳುವುದು ಎಣ್ಣೆಯ ಗುಣವೆಂದು ಬಹಳ ದಿನ ನಂಬಿದ್ದೆ.

ಈಗ ಸುಳ್ಳಿಗೆ ಬರುತ್ತೇನೆ. ಒಂದು ದಿನ ಎದುರುಮನೆಯ ಕಾಕೂ, ನಿಮ್ಮಜ್ಜ ಶನಿವಾರ ಯಾಕೆ ಎಣ್ಣೆ ಮುಟ್ಟುವುದಿಲ್ಲ ಎಂದು ಕೇಳಿದಳು. ಶಾಲೆಯಲ್ಲಿ ಯೆಹೂದಿ ಎಂದರೇನೆಂದು ಮೂರು ಸಲ ವಿವರಿಸಿ ಸೋತಿದ್ದ ನನಗೆ ಮತ್ತೆ ಲೋಕದ ಸೃಷ್ಟಿಯಿಂದ ಆರಂಭಿಸುವ ತಾಳ್ಮೆ ಇರಲಿಲ್ಲ. ಶನಿ ಕಾಟವೇನೇ ಎಂದು ಅವಳೇ ದಾರಿ ತೋರಿಸಿದಳು. ‘ಹೂಂ’ ಎಂದೆ. ಸಾಲದೆಂದು, ಏಳೂವರೆ ವರ್ಷದ್ದು ಅಂತ ಸೇರಿಸಿದೆ.

ವಾರದೊಳಗೆ ಓಣಿಗೆಲ್ಲ ಸುದ್ದಿಯಾಯಿತು. ಶನಿವಾರ ಬೆಳಗ್ಗೆ ನಮ್ಮ ಕಟ್ಟೆಯ ಮೇಲೆ ಕರಿ ಎಳ್ಳಿನ ಪೊಟ್ಟಣಗಳು ಕಾಣಿಸಿಕೊಂಡವು. ಬಾಗಿಲ ಚೌಕಟ್ಟಿಗೆ ಮೊಳೆ ಹೊಡೆದು ಕೂಡಿಸಿದ್ದ ನಮ್ಮ ಪ್ರಾರ್ಥನೆಯ ಸುರುಳಿಯಿದ್ದ ಸಣ್ಣ ಕೊಳವೆಯನ್ನು, ಅಜ್ಜ ಬರುವಾಗ ಹೋಗುವಾಗ ಬೆರಳಿನಿಂದ ಮುಟ್ಟಿ ಮುತ್ತಿಡುತ್ತಿದ್ದದ್ದನ್ನು, ಶನಿಯ ಯಂತ್ರವೆಂದು ಜನ ಗುರುತಿಸಿದರು. ಅಜ್ಜ ಎಳ್ಳಿನ ಪೊಟ್ಟಣ ಹಿಡಿದು ಪೆಚ್ಚಾಗಿ ನಿಂತಿದ್ದಾಗ ನನಗೆ ತಡೆಯಲಾಗಲಿಲ್ಲ, ಒಪ್ಪಿಕೊಂಡೆ. ಬೈಯುತ್ತಾನೆಂದುಕೊಂಡಿದ್ದೆ. ಅವನು ನಕ್ಕು, ಖರೇ ಮಾತನ್ನು ಒಂದಲ್ಲ ಒಂದು ದಿನ ನೀನೇ ಹೇಳಬೇಕು ಎಂದಷ್ಟೇ ಹೇಳಿ ಎಳ್ಳನ್ನು ಚಿಗಳಿ ಉಂಡೆ ಮಾಡಲು ಆಯಿಯ, ಅಂದರೆ ನನ್ನ ಅವ್ವನ, ಕೈಗೆ ಕೊಟ್ಟ.

ಆ ಸುಳ್ಳು ಕರೆದುಕೊಂಡು ಬಂದವರೇ ಚನ್ನಬಸಪ್ಪ ಸಾವಕಾರರು. ಅರಳೆ ವ್ಯಾಪಾರಿ. ಬಂದು ಕೂತರೆ ಕೋಟಿನ ತೋಳಿನಿಂದ ಅರಳೆಯ ಎಳೆ ಗಾಳಿಗೆ ಏಳುತ್ತಿತ್ತು. ಅವರ ಬಲಗೈ ಭುಜಕ್ಕಿಂತ ಮೇಲೆ ಏಳುತ್ತಿರಲಿಲ್ಲ. ತಮ್ಮ ತಲೆಗೆ ತಾವೇ ಪಟಗಾ ಸುತ್ತಿಕೊಳ್ಳಲಾಗದು ಎಂಬುದು ಅವರಿಗೆ ನೋವಿಗಿಂತ ದೊಡ್ಡ ಅವಮಾನ. ಡಾಕ್ಟರರನ್ನು ಬಿಟ್ಟು ಜೋಯಿಸರನ್ನು ಹಿಡಿದಿದ್ದರು, ಜೋಯಿಸರು ಸಾಡೇಸಾತಿ ಎಂದಿದ್ದರು. ಇನ್ನೊಬ್ಬ ಶನಿಪೀಡಿತ ಹೇಗೆ ದಿನ ದೂಡುತ್ತಾನೆಂದು ತಿಳಿಯಲು ಸರಿಯಾಗಿ ಶನಿವಾರವೇ ಬಂದರು.

ಅಜ್ಜ ಎಣ್ಣೆ ಮುಟ್ಟುವಂತಿಲ್ಲ, ಬಂದವರನ್ನು ಕಳಿಸುವಂತೆಯೂ ಇಲ್ಲ. ಬೆಂಚಿನ ಮೇಲೆ ಕೂರಿಸಿ, ತನ್ನ ಬರಿಗೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಅದೇ ಪ್ರಶ್ನೆ ಕೇಳಿದ. ಸಾವಕಾರರು ನಿನ್ನೆಯ ಊಟದಿಂದ ಹೊರಟು, ಪಾಲು ತೆಗೆದುಕೊಂಡು ಬೇರೆಯಾದ ತಮ್ಮನ ಮನೆಯ ಊಟಕ್ಕೆ ಬಂದು ನಿಂತರು. ಅಲ್ಲಿ ಉಂಡು ಮೂರು ವರ್ಷವಾಗಿತ್ತು. ಮುಂದಿನ ಶನಿವಾರವೂ ಬಂದರು, ಅದರ ಮುಂದಿನದಕ್ಕೂ ಬಂದರು. ಆಕಾಶದಲ್ಲಿ ಮೂರು ನಕ್ಷತ್ರ ಕಾಣಿಸಿದರೆ ನಮ್ಮ ಶನಿವಾರ ಮುಗಿಯುತ್ತದೆಂದು ತಿಳಿದ ಮೇಲೆ, ಸಂಜೆ ಕಟ್ಟೆಯ ಮೇಲೆ ನಿಂತು ಅವರೂ ಎಣಿಸತೊಡಗಿದರು. ಮಳೆಗಾಲದ ಹೊತ್ತಿಗೆ ತಮ್ಮನ ಮನೆಯಲ್ಲಿ ಉಂಡು ಬಂದರು. ದೀಪಾವಳಿಗೆ ತಮ್ಮ ಪಟಗಾ ತಾವೇ ಸುತ್ತಿಕೊಂಡು ಬಂದರು. ಒಂದು ಹನಿ ಎಣ್ಣೆ ಖರ್ಚಾಗಿರಲಿಲ್ಲ. ತಲೆತಲಾಂತರದಿಂದ ಗಾಣ ತಿರುಗಿಸಿದ್ದೆಲ್ಲ ದಂಡವಾಯಿತಲ್ಲ ಎಂದು ಅಜ್ಜ ನಗುತ್ತಿದ್ದ.

ಆಮೇಲೆ ತಾರು ಬಂತು. ನನ್ನ ಕಾಕಾ, ಅಜ್ಜನ ಕಿರಿಯ ಮಗ, ಪಲ್ಟನ್ನಿನ ಜೊತೆ ಬರ್ಮಾಕ್ಕೆ ಹೋಗಿದ್ದ. ಕಾಣೆಯಾಗಿದ್ದಾನೆ ಎಂದಷ್ಟೇ ತಾರಿನಲ್ಲಿತ್ತು. ಸತ್ತಿದ್ದರೆ ನಮ್ಮಲ್ಲಿ ಏಳು ದಿನ ನೆಲದ ಮೇಲೆ ಕೂತು ದುಃಖಿಸುವ ಕ್ರಮವಿದೆ, ಊರು ಬಂದು ಜೊತೆಗೆ ಕೂರುತ್ತದೆ. ಕಾಣೆಯಾದವನಿಗೆ ಅದೂ ಇಲ್ಲ. ಕೂತರೆ ಮಗನನ್ನು ನಾವೇ ಸಾಯಿಸಿದಂತೆ. ಅಜ್ಜ ಕೂರಲಿಲ್ಲ, ಅಳಲಿಲ್ಲ. ನಮ್ಮ ಶನಿವಾರ ಶುರುವಾಗುವ ಶುಕ್ರವಾರ ಸಂಜೆ ಒಣದ್ರಾಕ್ಷಿಯ ರಸದ ಬಟ್ಟಲು ಹಿಡಿದು ಪ್ರಾರ್ಥನೆ ಹೇಳಿದ, ತಾಟು ಸರಿಸಿ ಎದ್ದ. ಗೂಡಿನಲ್ಲಿದ್ದ ಅವನ ಬಾಟ್ಲಿಗಳಿಗಿಂತ ಅವನೇ ಹೆಚ್ಚು ಬಿಗಿಯಾಗಿ ಮುಚ್ಚಿಕೊಂಡಿದ್ದ. ಇವನೂ ಇಲ್ಲವಾಗುತ್ತಾನೆಂದು ನನಗೆ ಹೆದರಿಕೆಯಾಯಿತು; ಊರಿಗೆಲ್ಲ ಔಷಧಿಯಾದ ಪ್ರಶ್ನೆಯನ್ನು ಅವನಿಗೆ ಕೇಳುವವರು ಮನೆಯಲ್ಲಿ ಯಾರೂ ಇರಲಿಲ್ಲ.

ಮರುದಿನ ಶನಿವಾರ. ಎಂದಿನ ಹೊತ್ತಿಗೆ ಸಾವಕಾರರು ಬಂದರು. ಬಾಗಿಲಲ್ಲೇ ಅವರನ್ನು ತಡೆದು ನಾನು ತಾರಿನ ಸಂಗತಿ ಹೇಳಿದೆ. ಹೇಳುತ್ತಾ ಹೇಳುತ್ತಾ ಇನ್ನೊಂದೂ ಹೊರಬಿತ್ತು, “ಅಜ್ಜಗ ಶನಿ ಕಾಟ ಇಲ್ಲರಿ. ನಾನ ಸುಳ್ಳ ಹೇಳಿದ್ದೆ.”

“ಗೊತ್ತೈತಿ ತಂಗಿ,” ಎಂದರು. “ಎರಡನೇ ವಾರಾನ ನಿಮ್ಮಜ್ಜ ಹೇಳ್ಯಾರ. ಶನಿ ಇಲ್ಲದಿದ್ರ ಬರಬಾರದೇನು?”

ಒಳಗೆ ಬಂದು, ಯಾವಾಗಲೂ ತಾವು ಕೂರುವಲ್ಲಿ ಅಜ್ಜನನ್ನು ಕೂರಿಸಿ, ಅಜ್ಜನ ಜಾಗದಲ್ಲಿ ತಾವು ಕೂತರು. “ನಿನ್ನಿ ಏನ್ ಉಂಡ್ರಿ?” ಎಂದರು.

ಅಜ್ಜ ಗೂಡಿನ ಬಾಟ್ಲಿಗಳತ್ತ ಮುಖ ತಿರುಗಿಸಿದ. ಸಾವಕಾರರು ಮತ್ತೆ ಕೇಳಲಿಲ್ಲ, ಏಳಲೂ ಇಲ್ಲ. ಬಾಟ್ಲಿಗಳ ಹಳದಿ ಬೆಳಕು ಗೋಡೆಯಿಂದ ಗೋಡೆಗೆ ಸರಿದು ಆರಿಹೋಯಿತು. ನಾನು ಕಟ್ಟೆಗೆ ಹೋಗಿ ಆಕಾಶ ನೋಡುತ್ತ ನಿಂತೆ. ಒಂದು ಕಂಡಿತು, ಇನ್ನೊಂದು ಕಂಡಿತು. ಮೂರನೆಯದು ಬೇರೆಂದೂ ಅಷ್ಟು ತಡಮಾಡಿದ್ದು ನನ್ನ ನೆನಪಿನಲ್ಲೇ ಇಲ್ಲ. ಕಂಡೊಡನೆ ಓಡಿಬಂದು ಹೇಳಿದೆ.

ಸಾವಕಾರರು ಎದ್ದು, ಗೂಡಿಗೆ ಕೈ ಚಾಚಿ, ಒಂದು ಕಾಲಕ್ಕೆ ಭುಜದಾಚೆ ಏಳದಿದ್ದ ಆ ಬಲಗೈಯಿಂದ ಎಳ್ಳೆಣ್ಣೆಯ ಬಾಟ್ಲಿ ಇಳಿಸಿದರು. ಅಜ್ಜನ ಕೈಯನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡು, ಅಡ್ಡಾದಿಡ್ಡಿಯಾಗಿ, ಏನೂ ಗೊತ್ತಿಲ್ಲದವರ ಹಾಗೆ ತಿಕ್ಕತೊಡಗಿದರು. ಎಣ್ಣೆ ಅವರ ನಯವಾದ ಮಲ್ಲಿನ ಧೋತರಕ್ಕೆಲ್ಲ ಚೆಲ್ಲಿತು.

“ಏನೂ ಉಂಡಿಲ್ಲರಿ, ಸಾವಕಾರ್ರ,” ಎಂದ ಅಜ್ಜ. “ನಮ್ಮ ಹುಡುಗ ಏನ್ ಉಂಡಾನೊ, ಗೊತ್ತಿಲ್ಲ.”

ಆಮೇಲೆ ಅಜ್ಜ ಅತ್ತ. ಎಣ್ಣೆ ಅವನ ಮೇಲೂ ನಡೆಯುತ್ತದೆಂದು ನನಗೆ ಸಮಾಧಾನವಾಯಿತು. ಆಯಿ ತಟ್ಟೆ ತಂದಿಟ್ಟಳು, ಇಬ್ಬರೂ ಎಣ್ಣೆಗೈ ತೊಳೆದು ಉಂಡರು.

ಕಾಕಾ ಬರಲಿಲ್ಲ. ಅಜ್ಜ ಇನ್ನೂ ಕೆಲವು ವರ್ಷ ಇದ್ದ; ಶನಿವಾರಗಳಂದು ಬೆಂಚಿನ ಮೇಲೆ ಯಾರು ಯಾವ ಕಡೆ ಕೂರಬೇಕೆಂಬುದು ಆಮೇಲೆ ಗಟ್ಟಿಯಾಗಿ ಉಳಿಯಲಿಲ್ಲ. ಈಗಲೂ ಯಾರಾದರೂ ನನ್ನನ್ನು, ಶನಿವಾರ ಎಣ್ಣೆ ಯಾಕಿಲ್ಲ, ಶನಿ ಕಾಟವೇ ಎಂದರೆ ‘ಹೂಂ’ ಎನ್ನುತ್ತೇನೆ. ಹೌದೇ, ಎಂದು ಮರುಗಿ ಅವರು ನನ್ನ ಪಕ್ಕ ಕೂತರೆಂದರೆ, ಅವರು ನಿನ್ನೆ ಏನು ಉಂಡರೆಂದು ಕೇಳುತ್ತೇನೆ.